ಡ್ರಿಲ್ ಮೇಷ್ಟ್ರ ಎದೆಸದ್ದು

ಭೂಗೋಳ ಕಲಿಸುತ್ತ ಕಲಿಸುತ್ತಲೇ ತಲೆ ನರೆಸಿಕೊಂಡವನು ನಾನು. ಜಪಾನಿನ ದ್ವೀಪಗಳನ್ನು ಕಣ್ಣು ಮುಚ್ಚಿಕೊಂಡು ಬರೆದು ತೋರಿಸಬಲ್ಲೆ. ನಮ್ಮೂರನ್ನು ಮಾತ್ರ ಯಾವ ನಕ್ಷೆಯಲ್ಲೂ ತೋರಿಸಲು ನನ್ನ ಕೈಲಿ ಆಗಿಲ್ಲ. ಮಕ್ಕಳು ಕೇಳಿದರೆ, “ಊರಲ್ಲೇ ಇದೀಯಲ್ಲ, ನಕ್ಷೆ ಯಾಕೆ ಬೇಕು, ಕೂತ್ಕೋ” ಎಂದು ಗದರಿಸಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತೇನೆ. ಊರಂತೂ ಇದೆ. ಬಸ್ಸು ಬರುತ್ತದೆ, ಸಂತೆ ಸೇರುತ್ತದೆ, ಪ್ರೌಢಶಾಲೆ ಇದೆ, ಶಾಲೆಯ ಹಿಂದೊಂದು ಗುಡ್ಡವಿದೆ. ಮತ್ತೆ, ನಮ್ಮೂರಲ್ಲಿ ಒಬ್ಬರ ಎದೆ ಬಡಿಯುವುದು ಇನ್ನೊಬ್ಬರಿಗೆ ಕೇಳಿಸುತ್ತದೆ.

ಕೇಳಿಸುತ್ತದೆ ಎಂದರೆ ಕಿವಿಗೊಟ್ಟು ಆಲಿಸಬೇಕಾದ್ದೇನಿಲ್ಲ. ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಕುಟ್ಟಿದರೆ ಕೇಳಿಸುವುದಿಲ್ಲವೇ, ಅಷ್ಟು. ಇದು ಯಾವಾಗ ಶುರುವಾಯಿತು, ಯಾಕೆ ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ಹೊಂದಿಕೊಂಡಿದ್ದೇವೆ. ನಮ್ಮೂರಲ್ಲಿ ಕಳ್ಳರಿಲ್ಲ, ಇರುವ ಒಬ್ಬಿಬ್ಬರು ಬೇರೆ ಊರಿಗೆ ಹೋಗಿ ಕದ್ದು ಬರುತ್ತಾರೆ. ಇಸ್ಪೀಟು ಆಡುವವರಿಲ್ಲ. ಹೆಣ್ಣು ನೋಡುವ ಶಾಸ್ತ್ರಕ್ಕೂ ಬ್ಯಾಂಡ್‌ಸೆಟ್ ಕರೆಸುತ್ತೇವೆ, ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಹುಡುಗಿಯ ಎದೆ ಗಂಡಿನ ಕಡೆಯವರಿಗೆ ಕೇಳಿಸದಿರಲಿ ಎಂದು. ಪರೀಕ್ಷೆಯ ದಿನ ಶಾಲೆಯ ಪಕ್ಕ ಹಾದುಹೋಗುವ ಪರಊರಿನವರು ಒಳಗೆ ಹಿಟ್ಟಿನ ಗಿರಣಿ ನಡೆಯುತ್ತಿದೆ ಅಂದುಕೊಳ್ಳುತ್ತಾರೆ.

ಇಂಥ ಊರಲ್ಲಿ ಮರ್ಯಾದೆಯಿಂದ ಬಾಳುವುದಕ್ಕೆ ಇರುವುದು ಒಂದೇ ದಾರಿ. ಕೇಳಿಸಿದರೂ ಕೇಳಿಸದ ಹಾಗಿರಬೇಕು. ಎದುರಿಗಿದ್ದವರ ಎದೆ ಜೋರಾಯಿತೋ, ಕಿಟಕಿಯ ಕಡೆ ತಿರುಗಿ “ಇವತ್ತು ಗಾಳಿ ಸ್ವಲ್ಪ ಜೋರು” ಅನ್ನಬೇಕು. ಎಲೆ ಅಲ್ಲಾಡದಿದ್ದರೂ ಸರಿಯೇ. ಒಬ್ಬರ ಎದೆಮಾತನ್ನು ಎತ್ತುವುದೆಂದರೆ ನಮ್ಮಲ್ಲಿ ಮೈಮೇಲಿನ ಬಟ್ಟೆ ಸೆಳೆದ ಹಾಗೆ. ಮುಖದ ಮೇಲೆ ಎತ್ತಿದರೆ ಜಗಳ. ಬೆನ್ನ ಹಿಂದೆ ಎತ್ತಿದರೆ ಇನ್ನೂ ಕೆಟ್ಟದ್ದು, ಅಂಥವರ ಮನೆಯ ಅರಿಶಿನ ಕುಂಕುಮಕ್ಕೂ ಯಾರೂ ಹೋಗುವುದಿಲ್ಲ. ಕೈಮುಗಿಯುವುದನ್ನು ಕಲಿಸುವ ಮೊದಲೇ ಕೂಸುಗಳಿಗೆ ನಾವು ಇದನ್ನು ಕಲಿಸಿರುತ್ತೇವೆ.

ಬಾಯಿಗೆ ಬೀಗ ಹಾಕಬಹುದು, ಕಿವಿಗೆ ಹಾಕಲಾಗುವುದಿಲ್ಲ. ಯಾರು ಬರುತ್ತಿದ್ದಾರೆ ಎಂಬುದು ಸದ್ದಿನಲ್ಲೇ ಗೊತ್ತಾಗುತ್ತದೆ. ಹಾಗೆ ಊರಿಗೆಲ್ಲ ಗೊತ್ತಿದ್ದ ಸದ್ದು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಓಬಳೇಶನದು. ನಮ್ಮದೆಲ್ಲ ಲಬ್, ಡಬ್ ಎಂದು ಎರಡೇ ಪೆಟ್ಟು. ಅವನದರಲ್ಲಿ ಎರಡರ ನಡುವೆ ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಒಂದು ಎಳೆತವಿತ್ತು. ಲಬ್, ಸರ್ರ್, ಡಬ್. ಮೈದಾನದ ಆ ತುದಿಯಲ್ಲಿ ಅದು ಕೇಳಿಸಿದರೆ ಸಾಕು, ಮಕ್ಕಳು ಹಿಮ್ಮಡಿ ಜೋಡಿಸಿ ಅಟೆನ್ಷನ್ನಿಗೆ ನಿಂತುಬಿಡುತ್ತಿದ್ದರು. ಅವನು ವಿಷಲ್ ಊದುವ ಕೆಲಸವೇ ಇರಲಿಲ್ಲ. ಹೆಂಡತಿ ಹಾಲಮ್ಮ ಬೀದಿಯ ತಿರುವಿನಲ್ಲಿ ಆ ಸದ್ದು ಕೇಳಿಯೇ ರೊಟ್ಟಿಯನ್ನು ಹಂಚಿಗೆ ಹಾಕುತ್ತಿದ್ದಳು. ನಮಗೆಲ್ಲ ಅದು ಇಷ್ಟದ ಸದ್ದಾಗಿತ್ತು. ಅದೊಂದು ಕಾಯಿಲೆ ಇರಬಹುದೆಂದು, ದೇವರಾಣೆ, ಯಾರಿಗೂ ಹೊಳೆದಿರಲಿಲ್ಲ.

ವಿಜ್ಞಾನದ ಮೇಷ್ಟ್ರು ಮರುಳಸಿದ್ದಪ್ಪ ಅವನ ಜೀವದ ಗೆಳೆಯ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಓಬಳೇಶ ದನಿ ಎತ್ತಿದರೆ ಗುಡ್ಡ ತಿರುಗಿ ಕೂಗಬೇಕು, ಸಿದ್ದಪ್ಪ ಮೆಲುಮಾತಿನವನು. ತನ್ನ ತಟ್ಟೆಗೆ ಬಿದ್ದ ಉಪ್ಪಿಲ್ಲದ ಸಾರನ್ನು ‘ಚೆನ್ನಾಗಿದೆ’ ಎಂದು ಉಂಡು, ಇನ್ನೊಂದು ಸೌಟು ಹಾಕಿಸಿಕೊಳ್ಳುವಂಥ ಆಸಾಮಿ. ಯಾರಿಗೂ ಎದುರಾಡಿ ಗೊತ್ತಿಲ್ಲ, ಯಾರ ಮನಸ್ಸನ್ನೂ ನೋಯಿಸಿ ಗೊತ್ತಿಲ್ಲ. ಒಬ್ಬ ಮನುಷ್ಯನಿಗೆ ಅಷ್ಟು ಒಳ್ಳೆಯತನ ಇರಬಾರದು ಎಂದು ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಇಲ್ಲಿ ಹೇಳುತ್ತಿರುವುದನ್ನೆಲ್ಲ ಅವನೇ ಆಮೇಲೆ ನನ್ನೆದುರು ಬಿಡಿಬಿಡಿಯಾಗಿ ಹೇಳಿಕೊಂಡದ್ದು.

ಆ ಬೇಸಿಗೆ ರಜೆಯಲ್ಲಿ ಗುಡ್ಡದ ಮೇಲಿನ ಹಳೇ ಬಂಗಲೆಗೆ ಸುಣ್ಣ ಬಳಿದು ಒಂದು ಶಿಬಿರ ನಡೆಸಿದರು. ವೈದ್ಯಕೀಯ ಸಂಶೋಧನೆಯನ್ನು ಎಳೆಯರಿಗೂ ಅವರಿಗೆ ಕಲಿಸುವವರಿಗೂ ಹೇಳಿಕೊಡುವ ತರಬೇತಿ. ಸುತ್ತಲಿನ ಒಂದೊಂದು ಶಾಲೆಯಿಂದ ಒಬ್ಬ ಮೇಷ್ಟ್ರು, ಒಂದು ಮಗು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಪಾಠ ಕೇಳಬೇಕು. ನಡೆಸಲು ಬಂದವರು ಹೊರಊರಿನ ಡಾಕ್ಟರ್ ಕಾತ್ಯಾಯಿನಿ. ಮೊದಮೊದಲು ತಮ್ಮ ಎದೆ ಹೀಗೆ ಬೀದಿಗೆ ಬಿದ್ದದ್ದು ನೋಡಿ ಗಾಬರಿಯಾಗಿದ್ದರು. ನಾವು ಗಾಳಿಯ ಮಾತಾಡಿ ಆಡಿ ಅವರನ್ನು ಸಮಾಧಾನಕ್ಕೆ ತಂದೆವು. ಆದರೂ ಅವರು ಗುಡ್ಡ ಬಿಟ್ಟು ಕೆಳಗೆ ಬರುತ್ತಿದ್ದುದು ಕಡಿಮೆ.

ನಮ್ಮ ಶಾಲೆಯಿಂದ ಸಿದ್ದಪ್ಪ ಹೋದ. ಜೊತೆಗೆ ಒಂಬತ್ತನೆಯ ತರಗತಿಯ ನಸೀಮಾ. ಬ್ಯಾಂಡ್‌ಸೆಟ್ ಬಾಷಾ ಸಾಬರ ಮಗಳು, ತೊಟ್ಟಿಲಿನಲ್ಲಿದ್ದಾಗಲೇ ತಮಟೆಯ ತಾಳಕ್ಕೆ ನಿದ್ದೆ ಮಾಡಿದವಳು. ಪ್ರಶ್ನೆ ಕೇಳುವುದರಲ್ಲಿ ಅವಳಿಗೆ ಹಿಂದುಮುಂದಿಲ್ಲ. ಸ್ಟಾಫ್ ರೂಮಿನಲ್ಲಿ ನಾವು ಅವಳನ್ನು ‘ಇನ್‌ಸ್ಪೆಕ್ಟರ್’ ಎನ್ನುತ್ತಿದ್ದೆವು.

ಶಿಬಿರದಲ್ಲಿ ಕಲಿಸಿದ ಮೊದಲ ವಿದ್ಯೆ ‘ಗೊತ್ತಿಲ್ಲ’ ಅನ್ನುವುದು. ಮಕ್ಕಳು ಬೇಗ ಕಲಿತರು. ಮೇಷ್ಟ್ರುಗಳಿಗೆ ವಾರ ಹಿಡಿಯಿತಂತೆ. ಆಮೇಲೆ ಕೆನ್ನೆಯ ಒಳಗಿನಿಂದ ಕೆರೆದು ತೆಗೆದ ಜೀವಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ತೊಳೆದ ಬೆರಳು, ತೊಳೆಯದ ಬೆರಳು ಎಂದು ಗಾಜಿನ ಬಟ್ಟಲುಗಳಲ್ಲಿ ಒತ್ತಿ, ಏನು ಬೆಳೆಯುತ್ತದೆಂದು ಕಾದರು. ಬಂಗಲೆಯ ಸುತ್ತ ಓಡಿ ಬಂದು ಒಬ್ಬರ ನಾಡಿ ಒಬ್ಬರು ಹಿಡಿದರು. ಕೊನೆಗೆ ಒಂದೊಂದು ಜೋಡಿಯೂ ಒಂದೊಂದು ಪ್ರಶ್ನೆ ಹಿಡಿದು ತಾವೇ ಉತ್ತರ ಹುಡುಕಬೇಕು. “ಉತ್ತರ ಮೊದಲೇ ಗೊತ್ತಿದ್ರೆ ಅದು ಪ್ರಶ್ನೆ ಅಲ್ಲ” ಎನ್ನುತ್ತಿದ್ದರು ಡಾಕ್ಟರು. ಸಿದ್ದಪ್ಪನಿಗೆ ಹೊಸ ಹುಡುಗಾಟ ಬಂದಿತ್ತು. “ಇಷ್ಟು ವರ್ಷ ನಾನು ಪುಸ್ತಕ ಓದಿಸ್ದೆ ಅಷ್ಟೇ ಕಣಯ್ಯ, ವಿಜ್ಞಾನ ಕಲಿಸಿದ್ದು ಸುಳ್ಳು” ಎಂದು ನನಗೆ ಹೇಳಿ, ಅದು ಸಂತೋಷದ ಸುದ್ದಿ ಎಂಬಂತೆ ನಕ್ಕಿದ್ದ.

ಒಂದು ಮಧ್ಯಾಹ್ನ ಡಾಕ್ಟರು ಸ್ಪೀಕರ್ ಇಟ್ಟು ಹೃದಯದ ಸದ್ದುಗಳನ್ನು ಕೇಳಿಸಿದರು. ಬೇರೆ ಬೇರೆ ಆಸ್ಪತ್ರೆಗಳಲ್ಲಿ ಹಿಡಿದಿಟ್ಟ ಸದ್ದು, ಯಾರದೆಂದು ಯಾರಿಗೂ ಗೊತ್ತಿಲ್ಲದ್ದು. ಮೊದಲಿನದು ಆರೋಗ್ಯವಂತನದು. ಎರಡನೆಯದು ಜ್ವರದ ಕೂಸಿನದು. ಮೂರನೆಯದನ್ನು ಹಚ್ಚಿದರು. ಲಬ್, ಸರ್ರ್, ಡಬ್.

ನಸೀಮಾ ಎದ್ದು ಹಿಮ್ಮಡಿ ಜೋಡಿಸಿ ಅಟೆನ್ಷನ್ನಿಗೆ ನಿಂತುಬಿಟ್ಟಳು.

ಬೇಕೆಂದು ನಿಂತದ್ದಲ್ಲ, ಕಾಲು ತಾನಾಗಿ ನಿಂತದ್ದು. ಎಲ್ಲರೂ ತಿರುಗಿ ನೋಡಿದರು. “ಯಾಕಮ್ಮಾ, ಏನಾಯ್ತು?” ಎಂದರು ಡಾಕ್ಟರು. ನಸೀಮಾ ಬಾಯಿ ತೆರೆದಳು. ಸಿದ್ದಪ್ಪ ಅವಳ ಜಡೆಯ ತುದಿ ಹಿಡಿದು ಕೆಳಗೆ ಕೂರಿಸಿ, “ಏನಿಲ್ಲ ಮೇಡಂ, ಕಾಲು ಜೋಮು ಹಿಡಿದಿರ್ಬೇಕು” ಎಂದ. ಹಾಗೆನ್ನುವಾಗ ಅವನ ಎದೆ ಹೇಗೆ ಬಡಿದುಕೊಳ್ಳುತ್ತಿತ್ತೆಂದರೆ, ಅಷ್ಟರಲ್ಲಿ ನಮ್ಮೂರ ರೀತಿ ಕಲಿತಿದ್ದ ಉಳಿದ ಶಾಲೆಗಳ ಮೇಷ್ಟ್ರುಗಳೆಲ್ಲ ಒಟ್ಟಿಗೆ ಕಿಟಕಿಯ ಕಡೆ ತಿರುಗಿ ಗಾಳಿ ಜೋರಾಯಿತೆಂದರು.

ಡಾಕ್ಟರು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದರು. “ರಕ್ತ ಹೃದಯದಿಂದ ಹೊರಗೆ ಹೋಗೋ ಬಾಗಿಲು ಇದು. ಕೆಲವರಿಗೆ ಹುಟ್ಟಿನಿಂದಲೇ ಸರಿಯಾಗಿರಲ್ಲ. ಸಣ್ಣ ವಯಸ್ಸಲ್ಲಿ ಏನೂ ಗೊತ್ತಾಗಲ್ಲ, ಓಡ್ತಾರೆ, ಕುಣೀತಾರೆ. ಐವತ್ತರ ಹತ್ತಿರ ಬರ್ತಾ ಬಾಗಿಲು ಗಡುಸಾಗುತ್ತೆ, ಪೂರ್ತಿ ತೆರೆಯಲ್ಲ. ಸಂದಿಯಲ್ಲಿ ರಕ್ತ ನುಸುಳ್ಬೇಕಲ್ಲ, ಆ ಸದ್ದೇ ಇದು. ಏರು ಹತ್ತಿದ್ರೆ ಉಸಿರು ಸಿಗಲ್ಲ, ತಲೆ ಸುತ್ತುತ್ತೆ ಅಂತ ಶುರುವಾದ ಮೇಲೆ ತಡ ಮಾಡಬಾರದು. ಆಪರೇಷನ್ ಮಾಡಿ ಬಾಗಿಲು ಬದಲಾಯಿಸಿದ್ರೆ ಮನುಷ್ಯ ಆರಾಮಾಗಿ ಬದುಕ್ತಾನೆ. ಇಲ್ಲದಿದ್ರೆ ಒಂದು ದಿನ ನಡೀತಾ ನಡೀತಾನೇ ಬಿದ್ದುಹೋಗ್ತಾನೆ.”

ಸಿದ್ದಪ್ಪನಿಗೆ ಮುಂದಿನದು ಕೇಳಿಸಲಿಲ್ಲ. ಓಬಳೇಶ ಈಗೀಗ ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು ಕೂತೇ ಡ್ರಿಲ್ ಮಾಡಿಸುತ್ತಿದ್ದ. ಕೇಳಿದರೆ ಮಂಡಿನೋವು ಎನ್ನುತ್ತಿದ್ದ. ರಜೆಗೆ ಮುಂಚೆ ಒಂದು ಬೆಳಿಗ್ಗೆ ಧ್ವಜದ ಕಂಬವನ್ನು ತಬ್ಬಿ ನಿಂತುಬಿಟ್ಟಿದ್ದ; ನಾವೆಲ್ಲ ಅದನ್ನು ದೇಶಭಕ್ತಿ ಎಂದು ತಮಾಷೆ ಮಾಡಿದ್ದೆವು.

ಗುಡ್ಡ ಇಳಿಯುವಾಗ ನಸೀಮಾ ಕೇಳಿದಳು. “ಸರ್, ಅದು ನಮ್ಮ ಡ್ರಿಲ್ ಮೇಷ್ಟ್ರದ್ದೇ ಸದ್ದು ಅಲ್ವಾ ಸರ್?”

“ಅದೇ ಥರದ್ದು ಕಣಮ್ಮ.”

“ಹಂಗಾದ್ರೆ ಡಾಕ್ಟ್ರಿಗೆ ಹೇಳಣ ಸರ್. ಈಗ್ಲೇ ವಾಪಸ್ ಹೋಗಣ.”

“ಬೆನ್ನ ಹಿಂದೆ ಎದೆಮಾತು ಆಡ್ತಾರೇನೇ? ಅವನಿಗೇ ಮೊದಲು ಹೇಳ್ಬೇಕು. ನಾನು ಹೇಳಿ, ನಾನೇ ಕರ್ಕೊಂಡು ಬರ್ತೀನಿ. ನೀನು ಬಾಯಿ ಬಿಡ್ಬೇಡ. ಇದು ದೊಡ್ಡವರು ಹೇಳೋ ಮಾತು.”

ನ್ಯಾಯವಾದ ಮಾತೇ. ಅವನ ಜಾಗದಲ್ಲಿ ನಮ್ಮೂರಿನ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು.

ಸಿದ್ದಪ್ಪನ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿದ್ದರಿಂದ ಆ ಬೇಸಿಗೆಯೆಲ್ಲ ಅವನ ಸಂಜೆಗಳು ಓಬಳೇಶನ ಜಗಲಿಯ ಮೇಲೆ ಕಳೆಯುತ್ತಿದ್ದವು. ಅವತ್ತು ಹೋದಾಗ ಓಬಳೇಶ ಚೌಕಾಬಾರದ ಮನೆ ಬರೆದುಕೊಂಡು ಕಾಯುತ್ತಿದ್ದ. “ಬಾರಯ್ಯ ವಿಜ್ಞಾನಿ. ಮಂಡಕ್ಕಿ ಐತೆ, ಮೆಣಸಿನಕಾಯಿ ಬಿಸಿ ಐತೆ. ಇವತ್ತು ಯಾವ ಕಪ್ಪೆ ಹೊಟ್ಟೆ ಕುಯ್ದೆ?”

ಸಿದ್ದಪ್ಪ ಕೂತ. “ಓಬಳೇಶ, ನಿಂಗೊಂದು ಮಾತು ಹೇಳ್ಬೇಕಿತ್ತು.”

ಅಷ್ಟು ಹೇಳಿದ್ದೇ ತಡ, ಅವನ ಎದೆ ಹೊಡೆದುಕೊಳ್ಳತೊಡಗಿತು. ಕವಡೆ ಹಿಡಿದ ಓಬಳೇಶನ ಕೈ ನಿಂತಿತು. ಗೆಳೆಯನ ಮುಖ ನೋಡಿದ. ಮರುಗಳಿಗೆ ಮುಖ ಬೇರೆ ಕಡೆ ತಿರುಗಿಸಿ, “ಗಾಳಿ ಜೋರಾಯ್ತು ನೋಡು” ಎಂದು, ಒಳಗಿನ ಹೆಂಡತಿಗೆ ಕೂಗಿದ. “ಹಾಲೂ, ರೇಡಿಯೋ ಒಂಚೂರು ದೊಡ್ಡದು ಮಾಡು.” ಆಮೇಲೆ ದನಿ ತಗ್ಗಿಸಿದ. “ನಿಧಾನಕ್ಕೆ ಹೇಳು ಸಿದ್ದಪ್ಪ. ಇವತ್ತೇ ಹೇಳ್ಬೇಕು ಅಂತೇನಿಲ್ಲ.”

ಸಿದ್ದಪ್ಪನಿಗೆ ಬೇಕಾಗಿದ್ದುದೂ ಅಷ್ಟೇ. ಮಂಡಕ್ಕಿ ತಿಂದು ಆಟ ಸೋತು ಎದ್ದುಬಂದ.

ಮಾರನೆಯ ದಿನವೂ ಹಾಗೇ ಆಯಿತು. ಅದರ ಮಾರನೆಯ ದಿನವೂ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು ಅವನದು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ‘ನಿನ್ನ ಎದೆ ಸರಿಯಿಲ್ಲ’ ಎಂಬ ಮಾತನ್ನು ನಮ್ಮೂರಲ್ಲಿ ಯಾರೂ ಯಾರಿಗೂ ಆಡಿದ್ದಿಲ್ಲ, ಅದನ್ನು ಯಾವ ದನಿಯಲ್ಲಿ ಆಡಬೇಕೆಂಬುದೂ ಗೊತ್ತಿಲ್ಲ. ಆ ಸದ್ದೆಂದರೆ ಓಬಳೇಶನಿಗೂ ಹೆಮ್ಮೆಯೇ. ‘ನಾನು ಬರೋದು ನನಗಿಂತ ಮುಂಚೆ ಊರಿಗೆ ಗೊತ್ತಾಗ್ತದೆ’ ಎನ್ನುತ್ತಿದ್ದನಲ್ಲ. ಅದೇ ನಿನ್ನ ಸಾವಿನ ಸದ್ದು ಎಂದು ಹೇಳುವುದು ಹೇಗೆ? ಬಾಗಿಲಿಗೆ ಹೋಗುವಾಗ ಕಟ್ಟಿಕೊಂಡ ಮಾತು ಓಬಳೇಶನ ನಗುಮುಖ ಕಂಡೊಡನೆ ಕಲಸಿಹೋಗುತ್ತಿತ್ತು. ಎದೆ ಮಾತ್ರ ಬಡಿಯುತ್ತಿತ್ತು. ಓಬಳೇಶ ದಿನವೂ ಮರ್ಯಾದೆಯಿಂದ ರೇಡಿಯೋ ಹಾಕಿಸುತ್ತಿದ್ದ.

ಒಂದು ಸಂಜೆ ಸಿದ್ದಪ್ಪ ಸುತ್ತುಬಳಸಿ ಪ್ರಯತ್ನಿಸಿದ. “ನಮ್ಮ ಶಿಬಿರ ನೋಡೋಕೆ ಒಂದಿನ ಬಾರಯ್ಯ. ಡಾಕ್ಟ್ರು ಬಹಳ ಒಳ್ಳೆಯವರು. ಜೀಪು ಕಳಿಸ್ತೀನಿ.”

“ಜೀಪ್ಯಾಕೆ? ಆ ಗುಡ್ಡದ ಮೇಲೆ ಹುಡುಗರನ್ನ ಓಡಿಸ್ಕೊಂಡು ಹೋದೋನು ನಾನು. ನಾಳೆ ಬೆಳಿಗ್ಗೆನೇ ನಡ್ಕೊಂಡು ಬತ್ತೀನಿ.”

“ಬೇಡ!” ಸಿದ್ದಪ್ಪ ಚೀರಿದ. ಅವನು ಚೀರಿದ್ದನ್ನು ಓಬಳೇಶ ಆವರೆಗೆ ಕೇಳಿರಲಿಲ್ಲ. “ನೀನು ಬರ್ಲೇಬೇಡ. ಗುಡ್ಡ ಹತ್ತಬೇಡ. ನನ್ನಾಣೆ.”

ಓಬಳೇಶ ಕವಡೆಗಳನ್ನು ಒಂದೊಂದಾಗಿ ಕೂಡಿಸಿಡುತ್ತ ಮನಸ್ಸಿನಲ್ಲೇ ಲೆಕ್ಕ ಹಾಕಿರಬೇಕು. ಬಾ ಎಂದವನೇ ಬೇಡ ಎನ್ನುತ್ತಾನೆ. ದಿನಾ ಡಾಕ್ಟರ ಹತ್ತಿರ ಹೋಗಿಬರುತ್ತಾನೆ. ಹೋಗಿಬಂದ ಸಂಜೆಯೆಲ್ಲ ಎದೆ ಹೀಗೆ ಬಡಿದುಕೊಳ್ಳುತ್ತದೆ. “ಆಯ್ತು ಬಿಡಪ್ಪ” ಎಂದಷ್ಟೇ ಹೇಳಿ ಗೆಳೆಯನ ಬೆನ್ನು ಸವರಿದ.

ನಸೀಮಾ ಮಾತ್ರ ಬಿಡಲಿಲ್ಲ. ದಿನ ಬೆಳಗಾದರೆ ಬೆಂಚಿನಲ್ಲಿ ಕೂರುವ ಮೊದಲು ಅವಳದು ಒಂದೇ ಪ್ರಶ್ನೆ. “ಹೇಳಿದ್ರಾ ಸರ್?” ಜೋಡಿಗಳು ಸಂಶೋಧನೆಯ ಪ್ರಶ್ನೆ ಆರಿಸಿಕೊಳ್ಳುವ ದಿನ ಅವಳು ಕಾಗದದ ಮೇಲೆ ಬರೆದುಕೊಂಡು ಬಂದಿದ್ದಳು: ನಮ್ಮೂರಲ್ಲಿ ಎಷ್ಟು ಜನರ ಎದೆಯಲ್ಲಿ ಮೂರನೆಯ ಸದ್ದಿದೆ? ಸಿದ್ದಪ್ಪ ಓದಿ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ. “ಬೇರೆ ಏನಾದ್ರೂ ನೋಡಣ. ಬ್ರೆಡ್ಡಿನ ಮೇಲೆ ಬೂಷ್ಟು ಎಲ್ಲಿ ಬೇಗ ಬರ್ತದೆ, ಬಿಸಿಲಲ್ಲೋ ನೆರಳಲ್ಲೋ, ಅದು ಚೆನ್ನಾಗಿರ್ತದೆ.”

“ಅದರ ಉತ್ತರ ನಮ್ಮಮ್ಮಂಗೂ ಗೊತ್ತು ಸರ್” ಎಂದಳು ನಸೀಮಾ. “ನೀವು ಹೇಳಲ್ಲ ಅಂದ್ರೆ ಇವತ್ತು ನಾನೇ ಡಾಕ್ಟ್ರಿಗೆ ಹೇಳ್ತೀನಿ.”

ಸಿದ್ದಪ್ಪ ತನ್ನ ಜನ್ಮದಲ್ಲೇ ಒಂದು ಮಗುವಿಗೆ ಆಡದ ಮಾತು ಆಗ ಆಡಿದ. “ಹೇಳು. ಬಾಷಾ ಸಾಬರ ಮಗಳು ಊರವರ ಎದೆಮಾತು ಹೊರಗಿನವರಿಗೆ ಹೇಳ್ತಾಳೆ ಅಂತ ಗೊತ್ತಾದ್ರೆ, ನಿಮ್ಮಪ್ಪನ ಬ್ಯಾಂಡನ್ನ ಯಾರು ಮದುವೆಗೆ ಕರೀತಾರೆ, ಅದನ್ನೂ ಯೋಚನೆ ಮಾಡಿ ಹೇಳು.”

ಹುಡುಗಿಯ ಮುಖ ಸಣ್ಣದಾಯಿತು. ಆಮೇಲೆ ಅವಳು ಅವನನ್ನು ಏನೂ ಕೇಳಲಿಲ್ಲ. ಬೂಷ್ಟು ಬೆಳೆಸಿದಳು, ಬಟ್ಟಲುಗಳಿಗೆ ಚೀಟಿ ಅಂಟಿಸಿದಳು, ಹೇಳಿದ್ದನ್ನೆಲ್ಲ ಮಾಡಿದಳು. ಬೆಂಚಿನ ತುದಿಗೆ ಸರಿದು ಕೂರುತ್ತಿದ್ದಳು. ಕೊನೆಯ ದಿನದ ಪ್ರದರ್ಶನದಲ್ಲಿ ಅವರ ಬೂಷ್ಟಿಗೆ ಬಹುಮಾನ ಬಂತು. ಚಪ್ಪಾಳೆ ಬಿದ್ದಾಗ ಸಿದ್ದಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತಂತೆ.

ಸಮಾರಂಭ ಮುಗಿದ ಮೇಲೆ ಡಾಕ್ಟರು ಮರುದಿನ ಸಂಜೆ ಊರು ಬಿಡುತ್ತೇನೆಂದರು. ಸಿದ್ದಪ್ಪ ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ನಾಳೆ ಅಂದವನ ಮನೆ ಹಾಳು ಎಂದು ತಾನೇ ಮಕ್ಕಳಿಗೆ ಹಲಗೆಯ ಮೇಲೆ ಬರೆಸುತ್ತಿದ್ದವನು, ಎಷ್ಟು ನಾಳೆಗಳನ್ನು ತಿಂದುಹಾಕಿದ್ದ! ಬೆಳಗಾದ ಮೇಲೆ ನೇರವಾಗಿ ಹೋಗಿ ಹೇಳಿಬಿಡಬೇಕು, ಓಬಳೇಶ ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ, ಎಳೆದುಕೊಂಡು ಜೀಪಿಗೆ ಹತ್ತಿಸಿ ಡಾಕ್ಟರ ಮುಂದೆ ಕೂರಿಸಬೇಕು ಎಂದು ನಿರ್ಧರಿಸಿದ. ಆದರೂ ಮನೆಯಿಂದ ಹೊರಡುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಸ್ನಾನ ಮಾಡಿದ, ಪೂಜೆ ಮಾಡಿದ, ಅಂಗಿಗೆ ಇಸ್ತ್ರಿ ಹಾಕಿದ, ಹೇಡಿಗಳಿಗೆ ಕೆಲಸ ಹೇಗೆ ಹುಟ್ಟುತ್ತದೋ ಹಾಗೆ.

ಜಗಲಿ ಖಾಲಿಯಿತ್ತು. ಹಾಲಮ್ಮ ಹೊರಗೆ ಬಂದಳು. “ಬನ್ನಿ ಸಿದ್ದಪ್ಪಣ್ಣ. ಅವರು ಈಗ ತಾನೇ ಎದ್ದು ಹೋದ್ರು ನೋಡಿ. ಈ ಉರಿಬಿಸಿಲಲ್ಲಿ ಎಲ್ಲಿಗೆ ಅಂದ್ರೆ, ಬಂದೆ ಇರು ಅಂದ್ರು. ನಿಮ್ಮನೆ ಕಡೆಗೇನೋ ಅಂದ್ಕೊಂಡೆ.”

“ಕಾಯ್ತೀನಿ ಬಿಡಮ್ಮ” ಎಂದು ಸಿದ್ದಪ್ಪ ಕೂತ. ಹಾಲಮ್ಮ ಮಜ್ಜಿಗೆ ತಂದಿಟ್ಟು ಒಳಗೆ ಹೋದಳು. ಅವನು ಮಾತನ್ನು ಬಾಯಿಪಾಠ ಮಾಡಿಕೊಂಡ. ‘ಓಬಳೇಶ, ನಿನ್ನ ಎದೆಯಲ್ಲಿ ಒಂದು ಬಾಗಿಲು ಸರಿಯಾಗಿ ತೆರೀತಿಲ್ಲ. ಸರಿ ಮಾಡಬಹುದು. ನಡಿ ಹೋಗಣ.’ ಎದುರಿಗೆ ಯಾರೂ ಇರಲಿಲ್ಲವಲ್ಲ, ಮಾತು ಸರಾಗವಾಗಿ ಬಂತು. ಎರಡನೆಯ ಸಲ ದೊಡ್ಡದಾಗಿ ಹೇಳಿದ. ಇಷ್ಟು ಸುಲಭವೇ ಅನ್ನಿಸಿತು. ಅವನ ಎದೆ ಎಂದೂ ಇಲ್ಲದಷ್ಟು ಶಾಂತವಾಗಿತ್ತು.

ನಮ್ಮೂರಲ್ಲಿ ಸಾವಿನ ಸುದ್ದಿಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಶಿಬಿರದ ಜೀಪು ಕಾಣಿಸಿತು. ಒಳಗೆ ಮೂರು ಜನರಿದ್ದರು. ಕೇಳಿಸುತ್ತಿದ್ದುದು ಎರಡೇ ಎದೆ.

ಹಾಲಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಜೀಪಿನ ಹಿಂದಿನ ಸೀಟು ನೋಡಿ, ಆಮೇಲೆ ಸಿದ್ದಪ್ಪನ ಮುಖ ನೋಡಿದಳು. ಅವಳು ಕೂಗಿದ ಕೂಗು ನನ್ನ ಮನೆಗೂ ಕೇಳಿಸಿತು. ನಾನು ಓಡಿ ಹೋದಾಗ ಸಿದ್ದಪ್ಪ ಜಗಲಿಯ ಕಂಬಕ್ಕೆ ಹಣೆ ಒತ್ತಿ ನಿಂತಿದ್ದ. ಎಲ್ಲಿ, ಹೇಗೆ ಎಂದು ಡಾಕ್ಟರು ಜನರಿಗೆ ಹೇಳುತ್ತಿದ್ದರು. ಬಂಗಲೆಯಲ್ಲೇ ಆಯಿತು, ನಡೆದುಕೊಂಡು ಗುಡ್ಡ ಹತ್ತಿ ಬಂದಿದ್ದರು, ಬಿದ್ದವರು ಏಳಲಿಲ್ಲ, ತಾನು ಮಾಡುವುದನ್ನೆಲ್ಲ ಮಾಡಿದೆ. ಓಬಳೇಶ ಗುಡ್ಡಕ್ಕೆ ಯಾಕೆ ಹೋದ ಎಂದು ಎಲ್ಲರೂ ಒಬ್ಬರನ್ನೊಬ್ಬರು ಕೇಳಿಕೊಂಡರು.

ಮಣ್ಣು ಮಾಡುವಾಗ ಶಾಲೆಯ ಮಕ್ಕಳೆಲ್ಲ ಬಂದಿದ್ದರು. ಅಷ್ಟು ಮಕ್ಕಳ ಎದೆ ಒಟ್ಟಿಗೆ ಬಡಿಯುತ್ತಿತ್ತು, ಗಾಳಿಯ ಮಾತನ್ನು ಯಾರೂ ಎತ್ತಲಿಲ್ಲ. ನಸೀಮಾ ಅಪ್ಪನ ಪಕ್ಕ ನಿಂತಿದ್ದಳು. ಸಿದ್ದಪ್ಪ ಹತ್ತಿರ ಹೋಗಿ ಏನೋ ಹೇಳಬೇಕೆಂದು ನಿಂತ. ಅವಳು ಅವನನ್ನು ನೋಡಿ, ಮೆಲ್ಲಗೆ ಅಪ್ಪನ ಹಿಂದಕ್ಕೆ ಸರಿದಳು. ಅವಳ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಅವಳು ಸರಿದದ್ದು ಸರಿ ಎಂದೇ ಅವನು ನನಗೆ ಹೇಳಿದ.

ಡಾಕ್ಟರು ಪ್ರಯಾಣವನ್ನು ಮುಂದೆ ಹಾಕಿದ್ದರು. ಎರಡು ದಿನದ ಮೇಲೆ ಸಿದ್ದಪ್ಪನಿಗೆ ಹೇಳಿಕಳಿಸಿದರು. ಅವನನ್ನು ಒಬ್ಬನನ್ನೇ ಕಳಿಸುವ ಸ್ಥಿತಿ ಇರಲಿಲ್ಲ, ನಾನು ಜೊತೆಗೆ ಹೋದೆ. ಬೆಂಚುಗಳನ್ನೆಲ್ಲ ಗೋಡೆಗೆ ಒತ್ತರಿಸಿದ್ದರು. ಡಾಕ್ಟರು ಎದುರಿನ ಕುರ್ಚಿ ತೋರಿಸಿದರು.

“ನಸೀಮಾ ನಿನ್ನೆ ಬಂದು ಎಲ್ಲಾ ಹೇಳಿದ್ಲು” ಎಂದರು. “ನಿಮ್ಮನ್ನ ಬೈಯೋಕೆ ಕರೆಸಲಿಲ್ಲ ಮೇಷ್ಟ್ರೇ. ನಿಮ್ಮ ಸ್ನೇಹಿತರು ತಾವು ಯಾಕೆ ಬಂದ್ರು ಅನ್ನೋದನ್ನ ಯಾರಿಗೂ ಹೇಳ್ಬೇಡಿ ಅಂದಿದ್ರು. ಆದ್ರೆ ಅವರು ನನಗೆ ಒಪ್ಪಿಸಿದ ಕೆಲಸ ಒಂದು ಬಾಕಿ ಇದೆ. ಅದನ್ನ ಮಾಡದೆ ನಾನು ಹೋಗೋ ಹಾಗಿಲ್ಲ.”

ಸಿದ್ದಪ್ಪ ತಲೆ ಎತ್ತಿದ.

“ಬಾಗಿಲಲ್ಲೇ ನಿಂತಿದ್ರು. ಉಸಿರು ಸಿಗ್ತಿರಲಿಲ್ಲ. ಅವರ ಎದೆ ಕೇಳಿದ ಕೂಡಲೇ ನನಗೆ ಗೊತ್ತಾಯ್ತು. ಮಾತಾಡ್ಬೇಡಿ, ಕೂತ್ಕೊಳ್ಳಿ ಅಂದೆ. ಕೂರಲಿಲ್ಲ. ‘ನಂದು ಬಿಡಿ ತಾಯಿ, ನಂದು ಮೊದ್ಲಿಂದ ಹಿಂಗೇ. ನಮ್ಮ ಸಿದ್ದಪ್ಪಂದು ನೋಡಿ’ ಅಂದ್ರು. ‘ದಿನಾ ಸಂಜೆ ನನ್ನೆದುರು ಕೂತ್ರೆ ಅವನ ಎದೆ ಒಡೆದು ಹೋಗಂಗೆ ಬಡ್ಕಂತೈತೆ. ಏನೋ ಹೇಳಕ್ ಬತ್ತಾನೆ, ಹೇಳಕ್ಕಾಗ್ದೆ ಎದ್ದು ಹೋಗ್ತಾನೆ. ಏನೋ ದೊಡ್ಡ ಕಾಯ್ಲೆ ಬಂದೈತೆ ಅವಂಗೆ. ನಮ್ಮೂರಲ್ಲಿ ಇನ್ನೊಬ್ಬರ ಎದೆಮಾತು ಆಡಂಗಿಲ್ಲ. ನಾನು ಆಡ್ತಾ ಇದೀನಿ. ನನ್ನ ಮರ್ಯಾದೆ ಹೋದ್ರೆ ಹೋಗ್ಲಿ, ನೀವು ಹೋಗೋದ್ರೊಳಗೆ ಅವನ್ನ ಒಂದ್ಸಲ ನೋಡಿ’ ಅಂದ್ರು. ಅಷ್ಟು ಹೇಳಿ ಬಾಗಿಲು ಹಿಡ್ಕೊಂಡ್ರು.”

ನಾನು ನೆಲ ನೋಡುತ್ತ ನಿಂತೆ. ಸಿದ್ದಪ್ಪನ ಎದೆಯನ್ನು ಕೇಳಿಸಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ.

“ಅಂಗಿ ಬಿಚ್ಚಿ ಮೇಷ್ಟ್ರೇ” ಎಂದರು ಡಾಕ್ಟರು.

ಅವನು ಗುಂಡಿ ಬಿಚ್ಚಿದ. ಅವರು ಸ್ಟೆತಸ್ಕೋಪ್ ಇಟ್ಟು ಎದೆಯ ಮೇಲೆ ನಾಲ್ಕು ಕಡೆ ಕೇಳಿದರು, ಬೆನ್ನ ಮೇಲೆ ಕೇಳಿದರು. ಕೈಯ ನಾಡಿ ಹಿಡಿದರು. ರಕ್ತದ ಒತ್ತಡ ನೋಡಿದರು. ಅವಸರ ಮಾಡಲಿಲ್ಲ. ಆಮೇಲೆ ಕಿವಿಯಿಂದ ಕೊಳವೆ ತೆಗೆದು ಹೇಳಿದರು.

“ಏನೂ ತೊಂದರೆ ಇಲ್ಲ. ಗಟ್ಟಿಯಾಗಿದೆ.”

“ಇನ್ನೊಂದ್ಸಲ ನೋಡಿ ಮೇಡಂ” ಎಂದ ಸಿದ್ದಪ್ಪ.

ಅವರು ನನ್ನ ಮುಖ ನೋಡಿ, ಮತ್ತೆ ಕೊಳವೆ ಕಿವಿಗಿಟ್ಟುಕೊಂಡು, ಮತ್ತೆ ಎಲ್ಲ ಕಡೆ ಕೇಳಿದರು. “ಇಲ್ಲ ಮೇಷ್ಟ್ರೇ. ಏನೂ ಇಲ್ಲ.”

ಸಿದ್ದಪ್ಪ ಗುಂಡಿ ಹಾಕಿಕೊಳ್ಳಲಿಲ್ಲ. ತೆರೆದ ಅಂಗಿಯ ಎರಡೂ ಅಂಚುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

“ಸರಿಯಾಗಿ ನೋಡಿ ಮೇಡಂ” ಎಂದ. “ಅವನು ಸುಳ್ಳು ಹೇಳೋನಲ್ಲ.”